ಬಸ್ಸು ನಿಲ್ಲಿಸಿದವಳು

ವಿದ್ಯಾ ವೇದಿಕೆಗೆ ಬಂದಾಗ ಲಗಮವ್ವನಿಗೆ ಮಗಳ ಗುರುತೇ ಹತ್ತಲಿಲ್ಲ. ಮಾಸಿದ ಇಳಕಲ್ಲ ಸೀರೆ, ಕಂಕುಳಲ್ಲಿ ಕೈಚೀಲ, ಕೂದಲಿಗೆ ಬಳಿದ ಬಿಳಿ ಬಣ್ಣ. ಪಕ್ಕದಲ್ಲಿ ಕೂತಿದ್ದ ಅಮೀನಬಿ ಮೊಣಕೈಯಿಂದ ತಿವಿದು, ಅದು ನಿನ್ನ ಮಗಳೇ ಎಂದು ಹೇಳಬೇಕಾಯಿತು.

ಹುನಗುಂದದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಲಾ ಹಬ್ಬದಲ್ಲಿ ಅಂದು ನಗೆನಾಟಕಗಳ ಸರದಿ. ವಿದ್ಯಾ ಓದುವ ಕಾಲೇಜಿನ ತಂಡದ್ದು ಮಧ್ಯಾಹ್ನದ ಆಟ. ಬಿಸಿಲು ಭಾಳ, ಕೂಡಲು ಜಾಗ ಸಿಗುವುದಿಲ್ಲ, ಅವ್ವ ಬರುವುದು ಬೇಡ ಎಂದು ಅವಳು ಮೊದಲೇ ಹೇಳಿದ್ದಳು. ಲಗಮವ್ವ ಕೇಳುವವಳಲ್ಲ. ಅಮೀನಗಡದ ಒಂದು ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ತಿರುವುವ ಕೆಲಸ ಅವಳದು. ಅರ್ಧ ದಿನ ರಜೆ ಕೇಳಿಕೊಂಡು, ಪಕ್ಕದ ಮನೆಯ ಅಮೀನಬಿಯನ್ನು ಹೊರಡಿಸಿಕೊಂಡು, ಮಗಳಿಗೆ ತಿಳಿಸದೆ ಬಂದು ಶಾಮಿಯಾನದ ನಡುವಿನ ಸಾಲಿನಲ್ಲಿ ಕೂತಿದ್ದಳು.

ವೇದಿಕೆಯ ಮೇಲೆ ಕುರ್ಚಿಗಳನ್ನು ಜೋಡಿಸಿ ಬಸ್ಸು ಮಾಡಿದ್ದರು. ವಿದ್ಯಾಳ ಸಹಪಾಠಿ ದೀಪಕ ಕಂಡಕ್ಟರನಾಗಿದ್ದ. ವಿದ್ಯಾ ಒಂದು ಕಾಲು ಬಸ್ಸಿನೊಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು, ತನ್ನ ಗೆಳತಿ ಬರುವ ತನಕ ಬಸ್ಸು ಬಿಡಕೂಡದೆಂದು ಹಟ ಹಿಡಿದಳು. ಆ ಗೆಳತಿ ಎಲ್ಲಿದ್ದಾಳೆಂದು ಅವನು ಕೇಳಿದ.

“ಬಂದ ಬಿಟ್ಲಪಾ. ಈಗ ತಲಿಗೆ ನೀರು ಹಾಕ್ಕೊಳಾಕತ್ತಾಳ.”

ಜನ ಗೊಳ್ಳೆಂದು ನಕ್ಕರು. ದೀಪಕ ಕೈಗಡಿಯಾರ ತೋರಿಸಿ, ಹೊತ್ತಾಯಿತೆಂದು ಗೋಗರೆದ.

“ಅಷ್ಟು ಅವಸರಿದ್ರ ನೀ ಬ್ಯಾರೆ ಬಸ್ಸಿಗೆ ಹೋಗು.”

ಅಮೀನಬಿ ನಗು ತಡೆಯಲಾರದೆ ಲಗಮವ್ವನ ತೋಳು ಹಿಡಿದುಕೊಂಡಳು. ಅಂದು ನಿಜವಾಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದವಳು ಅವಳೇ. ಇಬ್ಬರೂ ಮದುವೆಗೆಂದು ಬಾಗಲಕೋಟೆಗೆ ಹೊರಟ ದಿನ ಲಗಮವ್ವ ಅವಳಿಗಾಗಿ ಹೀಗೆಯೇ ಬಸ್ಸು ತಡೆದಿದ್ದಳು. ಮನೆಗೆ ಬಂದು ಅದನ್ನೆಲ್ಲ ಮಗಳೆದುರು ಮಾಡಿ ತೋರಿಸಿ ನಗಿಸಿದ್ದಳು. ಈಗ ತನ್ನ ಮಾತಿಗೆ ಇಷ್ಟೊಂದು ಜನ ನಗುವುದನ್ನು ಕಂಡು ಅವಳ ಎದೆ ಉಬ್ಬಿತು. ಮುಂದಿನ ಸಾಲಿನವರ ಬೆನ್ನು ತಟ್ಟಿ, ಆ ಬಸ್ಸು ನಿಲ್ಲಿಸಿದವಳು ನಾನೇ ಎಂದು ಹೇಳಬೇಕೆನಿಸಿತು.

ಅಷ್ಟರಲ್ಲಿ ದೀಪಕ ಸೀಟಿ ಊದಿದ. ಕೂತವರೆಲ್ಲ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಓಡಿದರು, ಬಸ್ಸು ಹೊರಟೇಬಿಟ್ಟಿತು. ವಿದ್ಯಾ ಅದರ ಬೆನ್ನು ಹತ್ತಿದಳು. ಒಂದು ಕಾಲು ಎಳೆಯುತ್ತ, ಸೊಂಟ ಒಂದು ಕಡೆಗೆ ಎಸೆಯುತ್ತ, ವೇದಿಕೆಯ ಈ ತುದಿಯಿಂದ ಆ ತುದಿಗೆ ಕುಂಟಿದಳು. ಸಿಳ್ಳೆಗಳು ಬಿದ್ದವು. ಮತ್ತೊಮ್ಮೆ ಎಂದು ಯಾರೋ ಕೂಗಿದರು. ವಿದ್ಯಾ ಮತ್ತೊಮ್ಮೆ ಕುಂಟಿದಳು.

ಅಮೀನಬಿಯ ನಗು ಮೊದಲು ನಿಂತಿತು. ಲಗಮವ್ವ ಮೆಲ್ಲಗೆ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ವಿದ್ಯಾ ನಾಲ್ಕನೇ ತರಗತಿಯಲ್ಲಿದ್ದಾಗ ಅಂಗಡಿಯಲ್ಲಿ ಲಗಮವ್ವನ ಕಾಲ ಮೇಲೆ ಕುದಿಯುವ ಪಾಕ ಚೆಲ್ಲಿತ್ತು. ಗಾಯ ಮಾಯಿತು, ನಡಿಗೆ ಮೊದಲಿನಂತಾಗಲಿಲ್ಲ. ಕುಂಟುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ನೋಡುವವರಿಗೂ ರೂಢಿಯಾಗಿರಬೇಕು ಎಂದುಕೊಂಡಿದ್ದಳು. ಎದ್ದು ಹೋಗೋಣವೇ ಎಂದು ಅಮೀನಬಿ ಕಿವಿಯಲ್ಲಿ ಕೇಳಿದಳು.

“ಈಗ ಎದ್ರ ಇಷ್ಟು ಮಂದ್ಯಾಗ ನಡಕೊಂಡು ಹೋಗಬೇಕಲ್ಲ,” ಎಂದಳು ಲಗಮವ್ವ.

ಆಟ ಮುಗಿದು ಜನ ಚದುರುವವರೆಗೂ ಇಬ್ಬರೂ ಕೂತೇ ಇದ್ದರು. ಖಾಲಿಯಾದ ಕುರ್ಚಿಗಳ ನಡುವೆ ಅವ್ವನನ್ನು ಕಂಡು ವಿದ್ಯಾ ವೇಷದಲ್ಲೇ ಇಳಿದು ಬಂದಳು. ಅಮೀನಬಿ ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದಳು.

ವಿದ್ಯಾ ನಿಂತಲ್ಲೇ ಎಲ್ಲ ಹೇಳಿದಳು. ಮೊದಲು ನಾಟಕದಲ್ಲಿ ಕುಂಟುವುದು ಇರಲಿಲ್ಲವಂತೆ. ತಾಲೀಮಿನಲ್ಲಿ ಒಮ್ಮೆ ಸುಮ್ಮನೆ ಮಾಡಿದಳಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಬಿಡಲು ಮನಸ್ಸಾಗಲಿಲ್ಲವಂತೆ. ಅವ್ವನ ಮುಖ ಕಣ್ಣ ಮುಂದೆ ಬರುತ್ತಿತ್ತು, ಅದಕ್ಕೇ ಬರಬೇಡ ಎಂದಿದ್ದಳಂತೆ. ನಾಳೆ ಇದೇ ಆಟ ಬಾದಾಮಿಯಲ್ಲಿದೆ, ಅಲ್ಲಿ ಖಂಡಿತ ಕುಂಟುವುದಿಲ್ಲ ಎನ್ನುವಷ್ಟರಲ್ಲಿ ಅಳು ಬಂತು. ಬಣ್ಣ ಕರಗಿ ಕೆನ್ನೆಗಿಳಿಯಿತು.

ಲಗಮವ್ವ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸೆರಗಿನಿಂದ ಮುಖ ಒರೆಸಿದಳು. ಬಸ್ಸಿನ ಮಾತು ಚಂದ ಹೇಳಿದಿ, ನಾನು ಹೇಳಿದ್ದಕ್ಕಿಂತ ಚಂದ ಎಂದಳು. ಆಮೇಲೆ ಕುರ್ಚಿಯ ಕೆಳಗಿನಿಂದ ಪಾದಗಳನ್ನು ಮುಂದೆ ಚಾಚಿದಳು.

“ಕುಂಟೂದು ಬಿಡ್ತೀಯೋ ಇಟ್ಕೋತೀಯೋ, ನಾಟಕ ನಿಂದು. ಆದ್ರ ನೀ ಎಡಗಾಲು ಎಳದಿ, ವಿದ್ಯಾ. ನಂದು ಬಲಗಾಲು.”



ವಿದ್ಯಾ ಬಣ್ಣ ತೊಳೆದು, ಸೀರೆ ಬದಲಿಸಿ ಬಂದ ಮೇಲೆ ಮೂವರೂ ಬಸ್ ನಿಲ್ದಾಣದ ಕಡೆಗೆ ಹೊರಟರು. ಇನ್ನೂ ಬಿಸಿಲಿತ್ತು. ಅಮೀನಬಿ ಮುಂದೆ, ಅವಳ ಹಿಂದೆ ಲಗಮವ್ವ. ಮಗಳು ಜೊತೆಗಿಲ್ಲವೆಂದು ಅರಿವಾಗಿ ಲಗಮವ್ವ ತಿರುಗಿ ನೋಡಿದಳು. ವಿದ್ಯಾ ಬೇಕೆಂದೇ ಹಿಂದೆ ಉಳಿದಿದ್ದಳು. ಅವಳ ಕಣ್ಣು ಅವ್ವನ ಕಾಲ ಮೇಲಿತ್ತು. ಲಗಮವ್ವ ಕಾಲು ಕಾಣುವಂತೆ ಸೀರೆಯ ನೆರಿಗೆಯನ್ನು ತುಸು ಎತ್ತಿ ಹಿಡಿದು ಮುಂದೆ ನಡೆದಳು.