ಮೊದಲ ಪುಟದ ಹುಡುಗಿ

ಕಂಪ್ಯೂಟರ್ ಕೆಲಸದ ಹುಡುಗ ಮಹೇಂದ್ರ ಲ್ಯಾಪ್‌ಟಾಪನ್ನು ಶಾಲಿನಿಯ ಕಡೆ ತಿರುಗಿಸಿ, "ನೋಡಿ ಅಕ್ಕ, ಹೊಸಾ ವೆಬ್‌ಸೈಟಿನ ಮೊದಲ ಪುಟ ಹೆಂಗದೆ" ಎಂದ. ವಧು-ವರ ಕೇಂದ್ರದ ಹಳೆಯ ವೆಬ್‌ಸೈಟನ್ನು ತೆರೆದರೆ ಎರಡು ಬಾಳೆಕಂಬ ಮಿಣಮಿಣ ಅನ್ನುತ್ತಿದ್ದವು, ಅಷ್ಟೇ. ಶಾಲಿನಿ ಕನ್ನಡಕ ಏರಿಸಿಕೊಂಡು ನೋಡಿದಳು. ಜಡೆ ಮುಂದಕ್ಕೆ ಹಾಕಿಕೊಂಡು, ತುಸು ತಲೆ ಬಾಗಿಸಿ ನಗುತ್ತಿರುವ ಹುಡುಗಿ. ಕೆಳಗೆ ದೊಡ್ಡಕ್ಷರದಲ್ಲಿ, 'ನಿಮ್ಮ ಮನೆ ಬೆಳಗುವವಳು ಇಲ್ಲಿದ್ದಾಳೆ'. ಹುಡುಗಿ ಉಟ್ಟ ರೇಷ್ಮೆ ಸೀರೆ ಅವಳ ಅಕ್ಕನದ್ದು, ಜುಮುಕಿ ಮಾತ್ರ ಸ್ವಂತದ್ದು. ಹದಿಮೂರು ವರ್ಷದ ಹಿಂದೆ ಅರಸು ರಸ್ತೆಯ ಸ್ಟುಡಿಯೋದವನು 'ಇನ್ನೊಂಚೂರು ನಗಮ್ಮ' ಅಂತ ಪೀಡಿಸಿ ಪೀಡಿಸಿ ತೆಗೆದ ಫೋಟೋ. ಶಾಲಿನಿಯದೇ.

ಯಾರು ಈ ಹುಡುಗಿ ಎಂದು ಕೇಳಿದಳು. ಎದುರಿಗೇ ಕೂತವನು ಒಂದು ಸಲ ತಲೆ ಎತ್ತಿ ಮುಖ ನೋಡಿದ್ದರೆ ಸಾಕಿತ್ತು. ಅವನು ಪರದೆಯಿಂದ ಕಣ್ಣು ಕೀಳದೆ, "ಯಾರೋ ಗೊತ್ತಿಲ್ಲ ಅಕ್ಕ. ನೀವು ಕೊಟ್ರಲ್ಲ ಹಳೇ ಫೋಟೋ ಡಬ್ಬ, ಅದರಲ್ಲಿ ಸಿಕ್ತು. ಹಿಂದೆ ಬರೆದಿದ್ದ ಹೆಸರು ಅಳಿಸೋಗದೆ. ಇಷ್ಟೊತ್ತಿಗೆ ಅವರ ಮಕ್ಕಳು ಹೈಸ್ಕೂಲಲ್ಲಿರ್ತಾರೆ ಬುಡಿ" ಎಂದ. ಕಾರ್ಯದರ್ಶಿ ನಂಜುಂಡಸ್ವಾಮಿಯವರು ಹಿಂದಿನಿಂದ ಬಗ್ಗಿ ನೋಡಿ, ಲಕ್ಷಣವಾದ ಹುಡುಗಿ, ಇದೇ ಇರಲಿ ಎಂದರು. ಅವರು ಇಲ್ಲಿಗೆ ಬಂದು ಎರಡೇ ವರ್ಷ. ನಾನೇ ಕಣ್ರೀ ಅದು ಎಂದು ಹೇಳಿ, ಇಬ್ಬರು ಗಂಡಸರು ಒಟ್ಟಿಗೆ ನಾಲಿಗೆ ಕಚ್ಚಿಕೊಳ್ಳುವುದನ್ನು ನೋಡುವಷ್ಟು ತ್ರಾಣ ಆ ಬೆಳಿಗ್ಗೆ ಶಾಲಿನಿಗಿರಲಿಲ್ಲ. ತಲೆಯಾಡಿಸಿದಳು.

ನಜರ್‌ಬಾದಿನಲ್ಲಿ, ಬ್ಯಾಟರಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯ ಈ ವಧು-ವರ ಕೇಂದ್ರಕ್ಕೆ ಅವಳು ಮೊದಲು ಹತ್ತಿ ಬಂದದ್ದು ತನ್ನ ಹೆಸರು ಬರೆಸಲು. ನೋಂದಣಿ ಸಂಖ್ಯೆ ಇನ್ನೂರ ಹದಿನಾಲ್ಕು. ಗಂಡು ಸಿಗುವ ಮೊದಲೇ ಇಲ್ಲೇ ಕೆಲಸ ಸಿಕ್ಕಿಬಿಟ್ಟಿತು. ಇಲ್ಲಿಯ ರಿಜಿಸ್ಟರಿನಲ್ಲಿ ಎಲ್ಲವನ್ನೂ ಪೆನ್ನಿನಲ್ಲಿ ಬರೆದು ವಯಸ್ಸನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯುವ ಪದ್ಧತಿ. ಯುಗಾದಿ ಕಳೆದ ಮೇಲೆ ಒಂದು ದಿನ ಕೂತು, ಮದುವೆಯಾಗದೆ ಉಳಿದವರ ವಯಸ್ಸನ್ನೆಲ್ಲ ಅಳಿಸಿ ಒಂದೊಂದು ಕೂಡಿಸಿ ಬರೆಯುವುದು ಅವಳ ಪಾಲಿನದು. ಇನ್ನೂರ ಹದಿನಾಲ್ಕರಲ್ಲಿ ಅಳಿಸಿ ಅಳಿಸಿ ಕಾಗದ ತೂತು ಬಿದ್ದಿದೆ. ಆದರೂ ಪಕ್ಕದಲ್ಲಿ ಬರೆಯುತ್ತಾಳೆ. ಹೆಸರೊಂದು ಇರಲಿ, ಯಾರ ಕಣ್ಣಿಗೆ ಯಾವಾಗ ಬೀಳುತ್ತೋ ಅನ್ನುವ ಆಸೆ ಅವಳಿಗೆ ಇನ್ನೂ ಇತ್ತು, ಅದನ್ನು ಮುಚ್ಚಿಡುವುದೇಕೆ. ರಿಜಿಸ್ಟರಿನಲ್ಲಿದ್ದದ್ದನ್ನೆಲ್ಲ ವೆಬ್‌ಸೈಟಿಗೆ ಏರಿಸಿ ಮುಗಿಸಿದ ಮಹೇಂದ್ರ, "ಇನ್ಮೇಲೆ ಪೆನ್ಸಿಲ್ ಬ್ಯಾಡ ಅಕ್ಕ, ವಯಸ್ಸು ತಾನಾಗೇ ಏರ್ಕೊಂಡ್ ಹೋಯ್ತದೆ" ಎಂದಾಗ ಅವಳಿಗೆ ನಗು ಬಂತು.

ಫೇಸ್‌ಬುಕ್ಕಿನಲ್ಲೂ ಇನ್‌ಸ್ಟಾದಲ್ಲೂ ಅದೇ ಫೋಟೋ ಓಡಾಡಿತು. ವಾರ ತುಂಬುವಷ್ಟರಲ್ಲಿ ಫೋನು ಕೆಳಗಿಡಲು ಪುರಸೊತ್ತಿಲ್ಲ. ಕೆ.ಆರ್. ನಗರ, ಟಿ. ನರಸೀಪುರ, ಈ ಕಡೆ ವಿಜಯನಗರ ಮೂರನೇ ಹಂತ, ಎಲ್ಲರದ್ದೂ ಒಂದೇ ಪ್ರಶ್ನೆ: ಫೋಟೋದಲ್ಲಿರೋ ಹುಡುಗಿ ಯಾರ ಮಗಳು, ನಮಗೆ ಕೊಡ್ತಾರಾ. ಅದು ಬರೀ ಜಾಹೀರಾತಿಗೆ ಹಾಕಿದ್ದು ಕಣ್ರೀ, ಬೇರೆ ಹುಡುಗಿಯರಿದ್ದಾರೆ ಎಂದು ಹೇಳಿ ಹೇಳಿ ಶಾಲಿನಿಗೆ ಗಂಟಲು ಕಟ್ಟಿತು. ತನ್ನನ್ನು ಕೇಳಿಕೊಂಡು ಬಂದವರಿಗೆಲ್ಲ ತಾನೇ ಇಲ್ಲ ಎನ್ನಬೇಕಾದ ಕರ್ಮ. ಸಂಬಳ ಕೊಡುತ್ತಿದ್ದುದೂ ಅದಕ್ಕೇ.

ಶುಕ್ರವಾರ ಮಧ್ಯಾಹ್ನ ಹುಣಸೂರಿನ ಸುಂದರಮ್ಮ ಎಂಬ ತಾಯಿ ಮೂರನೇ ಸಲ ಫೋನು ಮಾಡಿದರು. ಮಗ ಹೈಸ್ಕೂಲು ಮೇಷ್ಟ್ರು, ನಲವತ್ತೆರಡು ತುಂಬಿದೆ, ಇಷ್ಟು ವರ್ಷ ಬೇಡ ಬೇಡ ಅಂದವನು ಈಗ ಆ ಹುಡುಗಿಯೇ ಆಗಬೇಕು ಅಂತ ಕೂತಿದ್ದಾನಂತೆ. ಶಾಲಿನಿಗೆ ಸಾಕಾಗಿಹೋಗಿತ್ತು. ಇನ್ನೊಂದು ಸುಳ್ಳು ಹೊಂದಿಸುವ ತಾಳ್ಮೆ ಉಳಿದಿರಲಿಲ್ಲ.

"ಆ ಹುಡುಗಿ ಇದ್ದಾಳಮ್ಮ. ಮದುವೆ ಆಗಿಲ್ಲ. ಈಗ ಅವಳಿಗೆ ಮೂವತ್ತೊಂಬತ್ತು."

ಶಾಲಿನಿ ಫೋನನ್ನು ಕಿವಿಗೊತ್ತಿ ಉತ್ತರಕ್ಕೆ ಕಾದಳು. ಇಷ್ಟು ವರ್ಷ ಎಷ್ಟೋ ಜನರ ಸಂಬಂಧ ಕುದುರಿಸಿದವಳಿಗೆ, ಹೂಂ ಅನ್ನಲು ಜನ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಊಹೂಂ ಅನ್ನಲು ಎಷ್ಟು ಹೊತ್ತು ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಕಾದಳು.

"ಅಲ್ಲ ಕಣಮ್ಮ," ಎಂದರು ಸುಂದರಮ್ಮ ಕೊನೆಗೆ, "ಅಷ್ಟು ವಯಸ್ಸಾದೋಳ ಫೋಟೋ ಹಾಕಿ ಜನಕ್ಕೆ ಯಾಕೆ ಮೋಸ ಮಾಡ್ತೀರಿ?"

ಸಂಜೆ ಮಹೇಂದ್ರ ಬಂದಾಗ, ಆ ಫೋಟೋ ತೆಗೆದುಬಿಡಪ್ಪ ಎಂದಳು. ಅವನು ಹೌಹಾರಿದ. ಜನ ಬರುತ್ತಿರುವುದೇ ಅದರಿಂದ, ಮುಂದಿನ ತಿಂಗಳ ವಧು-ವರ ಸಮಾವೇಶದ ಫ್ಲೆಕ್ಸಿಗೂ ಅದನ್ನೇ ಕಳಿಸಿಯಾಗಿದೆ ಎಂದ. ತೆಗೆಯಬೇಕಾದ್ದನ್ನು ಬೆಳಿಗ್ಗೆಯೇ ತೆಗೆದಿದ್ದೇನೆ ಎಂದು ಸಮಾಧಾನವನ್ನೂ ಹೇಳಿದ. "ಐದು ವರ್ಷ ದಾಟಿದ ಹೆಸರನ್ನೆಲ್ಲ ಕಿತ್ತಾಕ್ದೆ ಅಕ್ಕ. ಸೆಕ್ರೆಟರಿ ಸಾರೇ ಹೇಳಿದ್ರು. ಹಳೇ ಹೆಸರು ನೋಡಿದ್ರೆ, ಇಲ್ಲಿ ಯಾರಿಗೂ ಮದುವೆನೇ ಆಗಲ್ಲ ಅಂದ್ಕೋತಾರೆ ಜನ."

ಅವನು ಮೆಟ್ಟಿಲಿಳಿದು ಹೋದ ಮೇಲೆ ಶಾಲಿನಿ ವೆಬ್‌ಸೈಟಿನ ಹುಡುಕುವ ಜಾಗದಲ್ಲಿ ಇನ್ನೂರ ಹದಿನಾಲ್ಕು ಎಂದು ಒತ್ತಿದಳು. 'ಈ ಸಂಖ್ಯೆಯಲ್ಲಿ ಯಾರೂ ಇಲ್ಲ' ಎಂದು ಬಂತು. ಮೇಲುಗಡೆ ಹುಡುಗಿ ನಗುತ್ತಲೇ ಇದ್ದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಾಮರಾಜನಗರದ ಕಡೆಯ ಹೆಂಗಸು. ಅದೇ ಪ್ರಶ್ನೆ.

"ಅವಳ ಹೆಸರು ತೆಗೆದುಹಾಕಿದಾರೆ ಕಣಮ್ಮ," ಎಂದಳು ಶಾಲಿನಿ. "ಫೋಟೋ ಮಾತ್ರ ಬೇಕಂತೆ."