ಬಾಲವಿಲ್ಲದ ಗ್ಲೈಡರ್

ನಿಂಬೆಹಣ್ಣು ಹೆಚ್ಚಿದಾಗಲೆಲ್ಲ ನನಗೆ ಈಗಲೂ ಗುಳೇದಗುಡ್ಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಕೈಯಿಂದ ತೂರಿ ಹಾರಿಸಲೆಂದು ಅಪ್ಪ ಕಟ್ಟಿದ ಗ್ಲೈಡರಿಗೆ ಬಾಲವಿರಲಿಲ್ಲ. ಬರೀ ಎರಡು ರೆಕ್ಕೆ, ನೆಲಕ್ಕಿಟ್ಟರೆ ನಮ್ಮ ಪಡಸಾಲೆಯಷ್ಟು ಉದ್ದ. ಬಿದಿರಿನ ಸೀಳುಗಳ ಮೇಲೆ ಹೊದಿಸಿದ ತೆಳು ಬಟ್ಟೆಗೆ ನಾನೇ ಗಂಜಿ ಸವರಿದ್ದೆ, ಮಗ್ಗದ ನೂಲಿಗೆ ಹಾಕುತ್ತೇವಲ್ಲ, ಅದೇ ಗಂಜಿ. ರೆಕ್ಕೆಗಳೆರಡೂ ಕೂಡುವ ಮುಂದಿನ ಮೂಗಿನೊಳಗೆ ಸೀಸದ ಗುಂಡು ತುಂಬುತ್ತ ಅಪ್ಪ ನನಗೆ ಹೇಳಿದ್ದ: "ಭಾರ ಮುಂದ ಇರಬೇಕವ್ವಾ. ಹಿಂದ ಭಾರ ಆತಂದ್ರ ಮೂಗು ಎತ್ತಿ ಬೀಳತೈತಿ."

ಹಾರಿಸುವ ದಿನ ಅಪ್ಪನ ತಾಯಿ, ನನ್ನಜ್ಜಿ, ಏದುಸಿರು ಬಿಡುತ್ತ ಊರ ಹಿಂದಿನ ಗುಡ್ಡ ಹತ್ತಿ ಬಂದಳು. ಕುಂಕುಮ ಹಚ್ಚಿ, ಕಾಯಿ ಒಡೆದು, ದೃಷ್ಟಿಯಾಗಬಾರದೆಂದು ದೊಡ್ಡದೊಂದು ನಿಂಬೆಹಣ್ಣನ್ನು ಮೆಣಸಿನಕಾಯಿ ಜೊತೆ ಪೋಣಿಸಿ, ಹೊಸ ಗಾಡಿಗೆ ಕಟ್ಟುವಂತೆ ರೆಕ್ಕೆಯ ಹಿಂದಿನ ಅಂಚಿಗೆ ಕಟ್ಟಿದಳು.

"ಅಪ್ಪಾ, ಹಿಂದ ಭಾರ ಆಗತೈತಿ," ಎಂದೆ.

"ಸುಮ್ನಿರು," ಎಂದ ಅಪ್ಪ, ಅಜ್ಜಿಯ ಮುಖ ನೋಡುತ್ತ.

ಗ್ಲೈಡರ್ ಅವನ ಕೈಬಿಟ್ಟು ಹೊರಟಿತು. ಮೂಗೆತ್ತಿ ಗಾಳಿಯಲ್ಲಿ ಒಂದು ಕ್ಷಣ ನಿಂತು, ಕೆಳಗಿನ ಬಂಡೆಗೆ ಬಡಿದು ಮುರಿಯಿತು.

"ಹುಡುಗಿ ಕೈ ಹಚ್ಚಿದ್ದಕ್ಕ ಹಿಂಗಾತು. ನಾ ಮೊದಲ ಬ್ಯಾಡ ಅಂದಿದ್ದೆ," ಎಂದಳು ಅಜ್ಜಿ.

ನಾನು ಅಪ್ಪನನ್ನೇ ನೋಡುತ್ತ ನಿಂತೆ. ಅವನು ಇಳಿದು ಹೋಗಿ, ಒಡೆದ ನಿಂಬೆಹಣ್ಣನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡ.

ಮನೆಗೆ ಬರುವ ದಾರಿಯಲ್ಲಿ ಅಜ್ಜಿಯನ್ನು ಮುಂದೆ ಬಿಟ್ಟು, ನನ್ನ ಕೆನ್ನೆ ಸವರಿದ. ಅವನ ಬೆರಳುಗಳೆಲ್ಲ ನಿಂಬೆಯ ವಾಸನೆ.

"ಹೇಳಿದ್ರ ಅಕಿ ಮನಸ್ಸಿಗೆ ಹಚ್ಕೋತಾಳ," ಎಂದ. "ನೀ ಸಣ್ಣಾಕಿ, ಮರೀತಿ."