ತಪಾಸಣೆಯ ಕೊನೆಯ ಪ್ರಶ್ನೆ

ಮನಸ್ಸು ಕೆಟ್ಟಿದ್ದ ಗೆಳೆಯ ಈರಭದ್ರನನ್ನು ಅಂಗವಿಕಲ ವೇತನದ ತಪಾಸಣೆಗೆ ಕರೆತಂದ ದಿನವೇ, ಅವನ ತಾಯಿ ಊರಲ್ಲಿ ತೀರಿಕೊಂಡರೆಂದು ಮರಿಸ್ವಾಮಿಗೆ ಫೋನು ಬಂತು. ಹೇಳಿದರೆ ಇವನು ಎದ್ದು ಓಡುತ್ತಾನೆ. ಮತ್ತೆ ಸರದಿ ಬರುವುದು ಆರು ತಿಂಗಳಿಗೆ. ಮರಿಸ್ವಾಮಿ ಸುದ್ದಿಯನ್ನು ನುಂಗಿಕೊಂಡ.

ಒಳಗೆ ಡಾಕ್ಟರು ಕೇಳಿದ್ದಕ್ಕೆಲ್ಲ ಈರಭದ್ರ ಸರಿಯಾಗಿಯೇ ಉತ್ತರ ಕೊಟ್ಟ.

"ನಿಮಗಿಂತ ಚೆನ್ನಾಗಿದ್ದಾರಲ್ರೀ! ಇವರಿಗ್ಯಾಕೆ ವೇತನ?" ಎಂದು ಡಾಕ್ಟರು ಜೊತೆಗಿದ್ದ ಮರಿಸ್ವಾಮಿಗೆ ಹೇಳಿ ಅರ್ಜಿ ಬದಿಗಿಟ್ಟರು. ಮತ್ತೆ ಈರಭದ್ರನನ್ನು ಕೇಳಿದರು, "ತಾಯಿ ಹೇಗಿದ್ದಾರಪ್ಪ?"

"ಅವ್ವ ಹೋದಳು ಸಾರ್. ಈಗಷ್ಟೇ ಆ ಕಿಟಕಿ ಹತ್ತಿರ ಬಂದು ತಾನೇ ಹೇಳಿದಳು."

ಡಾಕ್ಟರು ಪೆನ್ನು ಎತ್ತಿಕೊಂಡು ಮರಿಸ್ವಾಮಿಯತ್ತ ತಿರುಗಿದರು. "ತಾಯಿ ಇದ್ದಾರೆ ತಾನೆ?"

"ಇದ್ದಾರೆ ಸಾರ್, ಇವನದು ಬರೀ ಭ್ರಮೆ" ಎಂದು ಹೇಳಿ ಮರಿಸ್ವಾಮಿ, ಆ ತಾಯಿಯ ಆತ್ಮಕ್ಕೆ ಶಾಂತಿ ಕೊಡಪ್ಪಾ ಎಂದು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದ.